ನ್ಯಾವಿಟೈಮರ್: ಕೊಳ್ಳುವ ಮೊದಲು ಡಯಲ್ ಓದಲು ಕಲಿಯಿರಿ

ಬ್ರೈಟ್ಲಿಂಗ್ ಕಂಪನಿಯ ನ್ಯಾವಿಟೈಮರ್ ವಾಚನ್ನು ಮೊದಲ ಸಲ ಕೈಗೆ ತೆಗೆದುಕೊಂಡವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಇದರಲ್ಲಿ ಟೈಮ್ ಎಲ್ಲಿ ನೋಡೋದು?’ ಹಾಗೆ ಕೇಳಿದರೆ ತಪ್ಪೇನಿಲ್ಲ. ಒಂದು ಡಯಲ್, ಅದರೊಳಗೆ ಮೂರು ಪುಟ್ಟ ಡಯಲ್, ಒಟ್ಟು ಆರು ಮುಳ್ಳು, ಅಂಚಿನ ಸುತ್ತ ಕಣ್ಣು ಕಿರಿದು ಮಾಡಿಕೊಂಡೇ ಓದಬೇಕಾದ ಎರಡು ಸಾಲು ಅಂಕಿ. ಲಕ್ಷಗಟ್ಟಲೆ ಸುರಿದು ಕೊಂಡವರಲ್ಲೂ ಬಹಳ ಮಂದಿ ಆ ಅಂಕಿಗಳನ್ನು ಚಂದಕ್ಕೆ ಬರೆದದ್ದು ಅಂದುಕೊಂಡೇ ವರ್ಷಗಟ್ಟಲೆ ವಾಚು ಕಟ್ಟಿರುತ್ತಾರೆ. ಅಸಲಿಗೆ ಅದು ಗುಣಾಕಾರ, ಭಾಗಾಕಾರ ಮಾಡುವ ಪಟ್ಟಿ, ಅಂದರೆ ಸ್ಲೈಡ್ ರೂಲ್. ಅದನ್ನು ಓದಲು ಬಂದರೆ ವಾಚು ಕೆಲಸಕ್ಕೂ ಬರುತ್ತದೆ, ಅಂಗಡಿಯಲ್ಲಿ ಅಸಲಿ ಯಾವುದು ನಕಲಿ ಯಾವುದು ಎಂದು ಹೇಳಲೂ ಬರುತ್ತದೆ. ಹಾಗಾಗಿ ಈ ಲೇಖನದಲ್ಲಿ ಬೆಲೆ, ಬಿಲ್ಲುಗಳ ಮಾತು ಕೊನೆಗೆ, ಮೊದಲು ಡಯಲ್.

ಗುಂಡಿಗಳ ಕತೆ

ಲಿಯಾನ್ ಬ್ರೈಟ್ಲಿಂಗ್ ಎಂಬಾತ 1884ರಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಇಮಿಯೆ ಎಂಬ ಊರಿನಲ್ಲಿ ಕಾರ್ಖಾನೆ ತೆರೆದ. 1892ರಲ್ಲಿ ಅದನ್ನು ವಾಚು ತಯಾರಕರ ಊರೇ ಆಗಿದ್ದ ಲಾ ಶೋ ದ ಫಾನ್‌ಗೆ ಸಾಗಿಸಿದ. ಆಗಿನ ಕ್ರೋನೋಗ್ರಾಫ್‌ಗಳಲ್ಲಿ, ಅಂದರೆ ಸ್ಟಾಪ್‌ವಾಚೂ ಇರುವ ವಾಚುಗಳಲ್ಲಿ, ಕೀ ಕೊಡುವ ತಿರುಪಿನಲ್ಲೇ ಸ್ಟಾಪ್‌ವಾಚಿನ ಗುಂಡಿಯೂ ಇರುತ್ತಿತ್ತು. ಲಿಯಾನ್‌ನ ಮಗ ಗ್ಯಾಸ್ಟನ್ 1915ರಲ್ಲಿ ಆ ಗುಂಡಿಯನ್ನು ಬೇರ್ಪಡಿಸಿ 2 ಗಂಟೆಯ ಜಾಗಕ್ಕೆ ತಂದ. ಮೊಮ್ಮಗ ವಿಲ್ಲಿ 1934ರಲ್ಲಿ 4 ಗಂಟೆಯ ಜಾಗಕ್ಕೆ ಇನ್ನೊಂದು ಗುಂಡಿ ಸೇರಿಸಿದ. ಇಂದು ಯಾವ ಕ್ರೋನೋಗ್ರಾಫ್ ನೋಡಿದರೂ ಕಾಣುವ ಜೋಡಿ ಗುಂಡಿ ಇದೇ.

ಎರಡನೆಯ ಗುಂಡಿ ಯಾಕೆ ಬೇಕಾಯಿತು? ಒಂದೇ ಗುಂಡಿ ಇದ್ದರೆ ಒತ್ತಿದಾಗ ಶುರು, ಮತ್ತೆ ಒತ್ತಿದಾಗ ನಿಲುಗಡೆ, ಮೂರನೆಯ ಸಲ ಒತ್ತಿದರೆ ಸೊನ್ನೆ. ನಡುವೆ ನಿಲ್ಲಿಸಿ, ನಿಂತಲ್ಲಿಂದಲೇ ಮುಂದುವರಿಸುವ ದಾರಿಯೇ ಇಲ್ಲ. ಎರಡು ಗುಂಡಿ ಬಂದಮೇಲೆ ಮೇಲಿನದು ಶುರು ಮಾಡಲು ಮತ್ತು ನಿಲ್ಲಿಸಲು, ಕೆಳಗಿನದು ಸೊನ್ನೆಗೆ ತರಲು. ವಿಮಾನ ಎಷ್ಟು ಹೊತ್ತು ಯಾವ ದಿಕ್ಕಿಗೆ ಹಾರಿತು ಎಂದು ತುಂಡುತುಂಡಾಗಿ ಕೂಡಿಸಿ ಲೆಕ್ಕ ಇಡಬೇಕಾದ ಪೈಲಟ್‌ಗೆ ಇದು ಸಣ್ಣ ಅನುಕೂಲವಲ್ಲ.

ವಿಲ್ಲಿ 1938ರಲ್ಲಿ ವಿಮಾನಗಳಿಗೆಂದೇ ಪ್ರತ್ಯೇಕ ವಿಭಾಗ ತೆರೆದ. ಒಮ್ಮೆ ಕೀ ಕೊಟ್ಟರೆ ಎಂಟು ದಿನ ಓಡುವ ಕಾಕ್‌ಪಿಟ್ ಗಡಿಯಾರಗಳು ಅಲ್ಲಿ ತಯಾರಾದವು. ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಕೂಡ ಗಿರಾಕಿಯಾಗಿತ್ತು. ಮಾರ್ಸೆಲ್ ರಾಬರ್ಟ್ ಎಂಬ ಗಣಿತಜ್ಞನ ನೆರವಿನಿಂದ ಗುಂಡಗಿನ ಸ್ಲೈಡ್ ರೂಲ್ ಇರುವ ಕ್ರೋನೋಮ್ಯಾಟ್ ಎಂಬ ವಾಚು 1940ರ ದಶಕದ ಆರಂಭದಲ್ಲಿ ಬಂತು. ಅದು ಎಂಜಿನಿಯರುಗಳಿಗೆ, ಲೆಕ್ಕದವರಿಗೆ. ಅದನ್ನೇ ಪೈಲಟ್‌ಗಳ ಲೆಕ್ಕಕ್ಕೆ ಒಗ್ಗಿಸಿ 1952ರಲ್ಲಿ ವಿಲ್ಲಿ ರೂಪಿಸಿದ್ದು ನ್ಯಾವಿಟೈಮರ್. ಅಮೆರಿಕದ ಖಾಸಗಿ ವಿಮಾನ ಮಾಲೀಕರ ಮತ್ತು ಪೈಲಟ್‌ಗಳ ಸಂಘವಾದ ಎಒಪಿಎ ಇದನ್ನು ತನ್ನ ವಾಚಾಗಿ ಒಪ್ಪಿಕೊಂಡಿತು. ಡಯಲಿನಲ್ಲಿ 12ರ ಕೆಳಗೆ ಕಾಣುವ ರೆಕ್ಕೆಯ ಗುರುತು ಆ ಸಂಘದ್ದು. 2022ರಲ್ಲಿ ಹೊಸ ವಿನ್ಯಾಸ ಬಂದಾಗ ಆ ರೆಕ್ಕೆ ಮತ್ತೆ ಅದೇ ಜಾಗಕ್ಕೆ ಮರಳಿತು.

ಪಟ್ಟಿಯನ್ನು ಓದುವ ಬಗೆ

ಗಾಜಿನ ಸುತ್ತಲಿನ ಗರಗಸದಂಥ ಉಂಗುರಕ್ಕೆ ಬೆಜೆಲ್ ಎನ್ನುತ್ತಾರೆ. ಅದನ್ನು ತಿರುಗಿಸಿದರೆ ಹೊರಗಿನ ಅಂಕಿಸಾಲು ತಿರುಗುತ್ತದೆ, ಒಳಗಿನದು ಅಲುಗುವುದಿಲ್ಲ. ಎರಡರಲ್ಲೂ ಅಂಕಿಗಳು 10ರಿಂದ ಶುರುವಾಗಿ ಸುತ್ತು ಬಂದು ಮತ್ತೆ 10ಕ್ಕೇ ಸೇರುತ್ತವೆ. ಅಂತರ ಮಾತ್ರ ಒಂದೇ ಸಮನಾಗಿಲ್ಲ. 10ರಿಂದ 20ಕ್ಕೆ ಎಷ್ಟು ದೂರವೋ 20ರಿಂದ 40ಕ್ಕೂ ಅಷ್ಟೇ ದೂರ. ಕಾಲೇಜಿನಲ್ಲಿ ಲಾಗರಿದಮ್ ಪುಸ್ತಕ ತಿರುವಿದವರಿಗೆ ಗುಟ್ಟು ಗೊತ್ತಾಗಿರುತ್ತದೆ: ದೂರಗಳನ್ನು ಕೂಡಿಸಿದರೆ ಅಂಕಿಗಳು ಗುಣಿಸಲ್ಪಡುತ್ತವೆ. ದಶಾಂಶದ ಚುಕ್ಕಿಯನ್ನು ಮಾತ್ರ ನಾವೇ ಇಟ್ಟುಕೊಳ್ಳಬೇಕು. 36 ಎಂದರೆ 3.6 ಆಗಬಹುದು, 360 ಆಗಬಹುದು, 36 ಸಾವಿರವೂ ಆಗಬಹುದು.

ಶುರುವಿಗೆ ಸುಲಭದ್ದು. ಹೊರಗಿನ 16ನ್ನು ಒಳಗಿನ 10ರ ಎದುರು ತನ್ನಿ. ಈಗ ಒಳಗಿನ 45ರ ಎದುರು ಹೊರಗೆ ನೋಡಿದರೆ 72. ಹದಿನಾರು ನಲವತ್ತೈದಲೇ 720. ಹೊರ ಅಂಚನ್ನು ಕದಲಿಸದೆ ಒಳಗಿನ ಯಾವ ಅಂಕಿಯನ್ನೇ ನೋಡಿದರೂ ಅದರ ಹದಿನಾರರ ಮಗ್ಗಿ ಎದುರಿಗೇ ಇರುತ್ತದೆ.

ಇದೇ ಉಪಾಯ ಬಿಲ್ಲಿಗೂ ಆಗುತ್ತದೆ. ಜಿಎಸ್‌ಟಿ ಶೇ. 18 ಎಂದಾದರೆ ಹೊರಗಿನ 11.8 ಅನ್ನು ಒಳಗಿನ 10ಕ್ಕೆ ಹೊಂದಿಸಿ. ಒಳಗೆ ಮೂಲ ಬೆಲೆ, ಹೊರಗೆ ತೆರಿಗೆ ಸೇರಿದ ಬೆಲೆ. 25ರ ಎದುರು 29.5 ಬರುತ್ತದೆ: ಎರಡೂವರೆ ಲಕ್ಷದ ಸರಕಿಗೆ 2,95,000. ಫೋನು ತೆಗೆದರೆ ಇನ್ನೂ ಬೇಗ ಆಗುತ್ತದೆ, ಒಪ್ಪುತ್ತೇನೆ. ಆದರೆ ಫೋನಿನಲ್ಲಿ ಒಂದು ಲೆಕ್ಕಕ್ಕೆ ಒಂದೇ ಉತ್ತರ. ಇಲ್ಲಿ ಒಮ್ಮೆ ಹೊಂದಿಸಿದರೆ ಇಡೀ ದರಪಟ್ಟಿಯೇ ಕಣ್ಣ ಮುಂದೆ.

ಪೈಲಟ್‌ಗೆ ಬೇಕಾದದ್ದು ಒಳಸಾಲಿನ 60. ಸಾಂಪ್ರದಾಯಿಕ ಡಯಲಿನಲ್ಲಿ ಅಲ್ಲಿ ಕೆಂಪು ಬಣ್ಣದ ಎಂಪಿಎಚ್ ಗುರುತು ಇರುತ್ತದೆ. ಒಂದು ಗಂಟೆಗೆ 60 ನಿಮಿಷ, ಆದ್ದರಿಂದ ಒಳಸಾಲನ್ನು ನಿಮಿಷ ಅಂದುಕೊಳ್ಳಿ. ವಿಮಾನದ ವೇಗ 150 ನಾಟ್, ಅಂದರೆ ಗಂಟೆಗೆ 150 ನಾಟಿಕಲ್ ಮೈಲಿ ಆದರೆ ಹೊರಗಿನ 15ನ್ನು ಆ 60ಕ್ಕೆ ಹೊಂದಿಸಿ. 20 ನಿಮಿಷದ ಎದುರು 50 ನಾಟಿಕಲ್ ಮೈಲಿ, 34 ನಿಮಿಷದ ಎದುರು 85. ಇಂಧನಕ್ಕೂ ಹೀಗೆಯೇ. ಗಂಟೆಗೆ 36 ಲೀಟರ್ ಕುಡಿಯುವ ಎಂಜಿನ್ 25 ನಿಮಿಷದಲ್ಲಿ ಎಷ್ಟು ಕುಡಿದೀತು? 36ನ್ನು 60ರ ಎದುರು ಇಟ್ಟು 25ರ ಎದುರು ನೋಡಿದರೆ 15. ಟ್ಯಾಂಕಿನಲ್ಲಿ ಉಳಿದದ್ದನ್ನು ಹೇಳುವ ಮುಳ್ಳನ್ನು ಪೂರ್ತಿ ನಂಬಲಾಗದ ಕಾಲದಲ್ಲಿ, ಕ್ರೋನೋಗ್ರಾಫ್ ತೋರಿಸುವ ನಿಮಿಷ ಮತ್ತು ಈ ಪಟ್ಟಿ ಸೇರಿದರೆ ಮುಂದಿನ ರನ್‌ವೇ ತಲುಪುತ್ತೇವೋ ಇಲ್ಲವೋ ಎಂಬ ಉತ್ತರ ಕೈಯಲ್ಲೇ ಸಿಗುತ್ತಿತ್ತು. ಇದೇ ತತ್ವದ ಇ6ಬಿ ಎಂಬ ಗುಂಡು ಗಣಕವನ್ನು ಪೈಲಟ್ ತರಬೇತಿಯಲ್ಲಿ ಇಂದಿಗೂ ಕಲಿಸುತ್ತಾರೆ. ಮನೆಯಲ್ಲಿ ಫ್ಲೈಯಿಂಗ್ ಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಈ ವಾಚನ್ನು ಅವರು ನಿಮಗಿಂತ ಬೇಗ ಓದಿಬಿಡುತ್ತಾರೆ.

ಇನ್ನು ಒಳಸಾಲಿನಲ್ಲಿ ಮೂರು ಗುರುತು: 33ರ ಬಳಿ ನಾಟಿಕಲ್ ಮೈಲಿ, 38ರ ಬಳಿ ನೆಲದ ಮೈಲಿ, 61ರ ಬಳಿ ಕಿಲೋಮೀಟರ್. 33 ನಾಟಿಕಲ್ ಮೈಲಿ ಅಂದರೆ ಸರಿಸುಮಾರು 38 ಮೈಲಿ, ಅಂದರೆ 61 ಕಿ.ಮೀ. ಹಾಗಾಗಿ ಹೊರಗಿನ 10ನ್ನು 33ರ ಎದುರು ತಂದರೆ 61ರ ಎದುರು 18.5 ಕಾಣಬೇಕು, 10 ನಾಟಿಕಲ್ ಮೈಲಿಗೆ 18.5 ಕಿ.ಮೀ. ಡಯಲಿನಲ್ಲಿ ಹೆಸರು ಅಚ್ಚಾಗಿರದಿದ್ದರೂ ಈ ಮೂರು ಅಂಕಿ ನೆನಪಿದ್ದರೆ ಸಾಕು, ಲೆಕ್ಕ ನಡೆಯುತ್ತದೆ. ಈ 33, 38, 61 ಮುಂದೆಯೂ ಉಪಯೋಗಕ್ಕೆ ಬರುತ್ತವೆ, ಮರೆಯಬೇಡಿ.

ಬಾಹ್ಯಾಕಾಶ, ಆಮೇಲೆ ಬೀಗ

1962ರ ಮೇ 24ರಂದು ಅಮೆರಿಕದ ಸ್ಕಾಟ್ ಕಾರ್ಪೆಂಟರ್ ಅರೋರಾ 7 ನೌಕೆಯಲ್ಲಿ ಭೂಮಿಯನ್ನು ಮೂರು ಸುತ್ತು ಹಾಕಿದ. ಕೈಯಲ್ಲಿದ್ದದ್ದು ಆತನ ಕೋರಿಕೆಯಂತೆ 24 ಗಂಟೆಯ ಡಯಲ್ ಹಾಕಿ ಮಾಡಿದ ನ್ಯಾವಿಟೈಮರ್. ಮುಂದೆ ಅದು ಕಾಸ್ಮೊನಾಟ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಒಂದೂವರೆ ಗಂಟೆಗೊಮ್ಮೆ ಸೂರ್ಯೋದಯ ಕಾಣುವವನಿಗೆ ವಾಚು ತೋರಿಸುವ ಹತ್ತು ಗಂಟೆ ಬೆಳಗಿನದೋ ರಾತ್ರಿಯದೋ ಎಂಬುದು ನಿಜವಾದ ತೊಡಕು. 24 ಗಂಟೆಯ ಡಯಲಿನಲ್ಲಿ ಗಂಟೆ ಮುಳ್ಳು ದಿನಕ್ಕೆ ಒಂದೇ ಸುತ್ತು ಬರುತ್ತದೆ, ಗೊಂದಲ ಇರುವುದಿಲ್ಲ. ನೌಕೆ ಗುರಿ ಬಿಟ್ಟು ಸುಮಾರು 400 ಕಿ.ಮೀ. ಆಚೆ ಸಮುದ್ರಕ್ಕೆ ಬಿತ್ತು. ರಕ್ಷಣಾ ತಂಡ ಬರುವವರೆಗೆ ಕಾರ್ಪೆಂಟರ್ ತೆಪ್ಪದಲ್ಲಿ ಕಾದ. ಬಾಹ್ಯಾಕಾಶವನ್ನು ತಾಳಿಕೊಂಡ ವಾಚು ಉಪ್ಪುನೀರಿಗೆ ಸೋತು ಕೆಟ್ಟಿತು. ಅದೇ ತುಕ್ಕಿನ ಸ್ಥಿತಿಯಲ್ಲೇ ಕಂಪನಿ ಅದನ್ನು 2022ರಲ್ಲಿ, ಅರುವತ್ತನೆಯ ವರ್ಷಕ್ಕೆ, ಜನರ ಮುಂದಿಟ್ಟಿತು. ಜಾಹೀರಾತಿಗೆ ಇದಕ್ಕಿಂತ ಪ್ರಾಮಾಣಿಕ ವಸ್ತು ಸಿಗುವುದು ಕಷ್ಟ. ಕೊಳ್ಳುವವರಿಗೂ ಅದರಲ್ಲೊಂದು ಪಾಠವಿದೆ, ಅದಕ್ಕೆ ಬರುತ್ತೇನೆ.

1969ರಲ್ಲಿ ಹಾಯರ್, ಹ್ಯಾಮಿಲ್ಟನ್-ಬ್ಯೂರನ್, ದುಬ್ವಾ ದೆಪ್ರಾ ಕಂಪನಿಗಳ ಜೊತೆ ಸೇರಿ ತಾನೇ ಕೀ ಕೊಟ್ಟುಕೊಳ್ಳುವ ಆಟೊಮ್ಯಾಟಿಕ್ ಕ್ರೋನೋಗ್ರಾಫ್ ಯಂತ್ರವನ್ನು ತಂದರೂ ಕಾಲ ಕೈಕೊಟ್ಟಿತು. ಜಪಾನಿನ ಕ್ವಾರ್ಟ್ಜ್ ವಾಚುಗಳ ಹೊಡೆತಕ್ಕೆ ಸ್ವಿಸ್ ಉದ್ಯಮವೇ ಅಲುಗಾಡಿತ್ತು. ವಿಲ್ಲಿಯ ಆರೋಗ್ಯವೂ ಕೆಟ್ಟಿತ್ತು. 1979ರಲ್ಲಿ ಕಂಪನಿ ಕೈಬದಲಾಯಿತು. ಹೆಸರನ್ನು ಕೊಂಡವನು ಅರ್ನೆಸ್ಟ್ ಶ್ನೈಡರ್, ಸ್ವತಃ ಪೈಲಟ್, ಎಲೆಕ್ಟ್ರಾನಿಕ್ಸ್ ಬಲ್ಲವನು. ಕಾರ್ಖಾನೆ ಗ್ರೆಂಚೆನ್ ಊರಿಗೆ ಹೋಯಿತು. 1984ರ ಹೊಸ ಕ್ರೋನೋಮ್ಯಾಟ್ ಇಟಲಿಯ ವಾಯುಪಡೆಯ ಕಸರತ್ತು ತಂಡ ಫ್ರೆಚ್ಚೆ ತ್ರಿಕೊಲೋರಿಗಾಗಿ ರೂಪುಗೊಂಡದ್ದು. 1999ರ ಮಾರ್ಚ್‌ನಲ್ಲಿ ಬರ್ಟ್ರಾಂಡ್ ಪಿಕಾರ್ಡ್ ಮತ್ತು ಬ್ರಯನ್ ಜೋನ್ಸ್ ಎಲ್ಲೂ ಇಳಿಯದೆ ಭೂಮಿಗೆ ಸುತ್ತು ಹಾಕಿದ ಬಲೂನಿನ ಹೆಸರೇ ಬ್ರೈಟ್ಲಿಂಗ್ ಆರ್ಬಿಟರ್ 3.

ಈ ನಡುವೆ ಒಂದು ಉಪಕತೆ ಕೊಳ್ಳುವವರಿಗೆ ತಿಳಿದಿರಬೇಕು. ಹಳೆಯ ಕಾರ್ಖಾನೆ ಮುಚ್ಚುವಾಗ ನ್ಯಾವಿಟೈಮರಿನ ಬಿಡಿಭಾಗಗಳೂ ವಿನ್ಯಾಸದ ಹಕ್ಕೂ ಜರ್ಮನಿಯ ಫ್ರಾಂಕ್‌ಫರ್ಟಿನ ಹೆಲ್ಮುಟ್ ಸಿನ್ ಪಾಲಾದವು. ಆತನೂ ಪೈಲಟ್. ಸಿನ್ ಕಂಪನಿಯ 903 ಎಂಬ ವಾಚು ನ್ಯಾವಿಟೈಮರನ್ನೇ ಹೋಲುವುದು ಅದಕ್ಕೇ. ಅದು ನಕಲಿ ಅಲ್ಲ, ದಾಯಾದಿ.

ಯಾವ ಯಂತ್ರ, ಯಾವ ಅಳತೆ

ಹೊಸದು ಕೊಳ್ಳುವವರು ಮೊದಲು ಕೇಳಬೇಕಾದ್ದು ಬಿ01 ಯಂತ್ರವೋ ಅಲ್ಲವೋ ಎಂದು. 2009ರಲ್ಲಿ ಬಂದ ಇದು ಕಂಪನಿಯೇ ವಿನ್ಯಾಸ ಮಾಡಿದ ಯಂತ್ರ. ಪೂರ್ತಿ ಕೀ ತುಂಬಿದರೆ ಸುಮಾರು 70 ಗಂಟೆ ಓಡುತ್ತದೆ. ಶುಕ್ರವಾರ ರಾತ್ರಿ ಬಿಚ್ಚಿಟ್ಟರೆ ಸೋಮವಾರ ಬೆಳಗ್ಗೆಯೂ ಓಡುತ್ತಿರುತ್ತದೆ. ಗುಂಡಿ ಒತ್ತಿದಾಗ ಕ್ರೋನೋಗ್ರಾಫ್ ಮುಳ್ಳು ಗಕ್ಕನೆ ಎಗರದೆ ನಯವಾಗಿ ಹೊರಡುವುದು ಅದರ ಲಂಬ ಕ್ಲಚ್ಚಿನಿಂದ: ಹಲ್ಲಿಗೆ ಹಲ್ಲು ಕಚ್ಚುವ ಬದಲು ಎರಡು ತಟ್ಟೆಗಳು ಒಂದರ ಮೇಲೊಂದು ಕೂತು ಹಿಡಿಯುತ್ತವೆ. ಇದೇ ಯಂತ್ರದ ಮಾರ್ಪಾಡು ಟ್ಯೂಡರ್ ಕಂಪನಿಯ ಬ್ಲ್ಯಾಕ್ ಬೇ ಕ್ರೋನೋದಲ್ಲೂ ಇದೆ. ಸ್ಲೈಡ್ ರೂಲ್ ಬೇಡ, ಯಂತ್ರ ಒಳ್ಳೆಯದಿರಲಿ ಎನ್ನುವವರು ಆ ಕಡೆ ನೋಡಬಹುದು. ನ್ಯಾವಿಟೈಮರ್ ಹೆಸರಿನಲ್ಲೇ ಕ್ರೋನೋಗ್ರಾಫ್ ಇಲ್ಲದ, ಬರೀ ಗಂಟೆ ನಿಮಿಷ ತೋರಿಸುವ ಮಾದರಿಗಳೂ ಇವೆ. ಬೆಲೆ ಕಡಿಮೆ ಎಂದು ಮುಗಿಬೀಳುವ ಮೊದಲು ಅದನ್ನು ಗಮನಿಸಿ.

ಬಿ01 ಕ್ರೋನೋಗ್ರಾಫ್‌ಗಳು 41, 43, 46 ಮಿಲಿಮೀಟರ್ ಅಳತೆಯಲ್ಲಿ ಸಿಗುತ್ತವೆ. ಅಂಕಿಗಳನ್ನು ಬರಿಗಣ್ಣಿನಲ್ಲಿ ಓದುವ ಆಸೆ ಇದ್ದರೆ ದೊಡ್ಡದೇ ಬೇಕು. ಆದರೆ ನಮ್ಮ ಬಹುಪಾಲು ಮಣಿಕಟ್ಟುಗಳಿಗೆ 46 ತಟ್ಟೆ ಕಟ್ಟಿದಂತೆ ಕಾಣುತ್ತದೆ. ನನ್ನ ಮತ 41ಕ್ಕೆ. 1950ರ ದಶಕದ ಮೂಲ ಮಾದರಿ 806 ಕೂಡ ಆ ಅಳತೆಯ ಆಸುಪಾಸಿನದೇ. ಚಾಳೀಸು ದಾಟಿದವರು ಕನ್ನಡಕ ಹಾಕಿಕೊಂಡೇ ಅಂಗಡಿಗೆ ಹೋಗಿ.

ಅಷ್ಟು ದುಡ್ಡು ಬೇಡ, ಪಟ್ಟಿ ಮಾತ್ರ ಬೇಕು ಎಂದರೆ ಸಿಟಿಜನ್ ನೈಟ್‌ಹಾಕ್, ಸೀಕೋ ಫ್ಲೈಟ್‌ಮಾಸ್ಟರ್ ಇವೆ. ಬೆಲೆ ಬಹಳ ಕಡಿಮೆ. ಸ್ಲೈಡ್ ರೂಲ್ ಕೆಲಸ ಮಾಡುವ ತತ್ವ ಒಂದೇ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1961ರಲ್ಲಿ ಎಚ್‌ಎಂಟಿ ವಾಚು ತಯಾರಿಕೆ ಶುರುವಾದದ್ದು ಇದೇ ಸಿಟಿಜನ್ ಸಹಯೋಗದಲ್ಲಿ. ಎಚ್‌ಎಂಟಿಯ ಕೀ ಕೊಡುವ ‘ಪೈಲಟ್’ ಮಾದರಿ ಎಷ್ಟೋ ಮನೆಗಳಲ್ಲಿ ಇನ್ನೂ ಓಡುತ್ತಿದೆ. ಅದರಲ್ಲಿ ಕ್ರೋನೋಗ್ರಾಫೂ ಇಲ್ಲ, ಪಟ್ಟಿಯೂ ಇಲ್ಲ. ಕಪ್ಪು ಡಯಲ್ ಮೇಲೆ ದೊಡ್ಡ ಅಂಕಿ, ಅಷ್ಟೆ. ಕಾಕ್‌ಪಿಟ್ಟಿನ ಮಬ್ಬಿನಲ್ಲಿ ಟೈಮ್ ಓದುವ ಕೆಲಸಕ್ಕೆ ನ್ಯಾವಿಟೈಮರಿಗಿಂತ ಅದೇ ವಾಸಿ ಎಂದರೆ ಬ್ರೈಟ್ಲಿಂಗ್ ಅಭಿಮಾನಿಗಳು ಬೇಸರ ಮಾಡಿಕೊಳ್ಳಬಾರದು.

ಬಳಸಿದ ವಾಚು ನೋಡುವಾಗ

ಬೆಜೆಲ್ ತಿರುಗಿಸಿ ಹೊರಗಿನ 10ನ್ನು ಒಳಗಿನ 10ಕ್ಕೆ ಸರಿಯಾಗಿ ಕೂರಿಸಿ. ಈಗ 20ಕ್ಕೆ 20, 35ಕ್ಕೆ 35, 60ಕ್ಕೆ 60, ಎಲ್ಲ ಗೆರೆಯೂ ಎದುರುಬದುರು ನಿಲ್ಲಬೇಕು. ನಂತರ ಹೊರಗಿನ 10ನ್ನು 33ಕ್ಕೆ ತಂದು 61ರ ಎದುರು 18.5 ಬರುತ್ತದೋ ನೋಡಿ. ಅಗ್ಗದ ನಕಲಿಗಳು ಇಲ್ಲೇ ಸಿಕ್ಕಿಬೀಳುತ್ತವೆ. ಮಾಡುವವನಿಗೆ ಅದು ಲೆಕ್ಕದ ಪಟ್ಟಿ ಎಂಬುದೇ ಗೊತ್ತಿರುವುದಿಲ್ಲ. ಅಂಕಿಗಳನ್ನು ಚಿತ್ರ ನೋಡಿ ಅಚ್ಚು ಹಾಕಿರುತ್ತಾನೆ. ಕೆಲವದರಲ್ಲಿ ಪುಟ್ಟ ಡಯಲುಗಳು ಸ್ಟಾಪ್‌ವಾಚಿನದೇ ಅಲ್ಲ, ವಾರ ತಿಂಗಳು ತೋರಿಸುವಂಥವು. ಗುಂಡಿ ಒತ್ತಿ ಒಂದೆರಡು ನಿಮಿಷ ಓಡಲು ಬಿಟ್ಟರೆ ಅದೂ ಬಯಲಾಗುತ್ತದೆ. ನಿಮಿಷದ ಪುಟ್ಟ ಮುಳ್ಳು ಮುಂದೆ ಜರುಗಬೇಕು. ನಿಲ್ಲಿಸಿ ಕೆಳಗಿನ ಗುಂಡಿ ಒತ್ತಿದಾಗ ಸ್ಟಾಪ್‌ವಾಚಿನ ಎಲ್ಲ ಮುಳ್ಳೂ ಸೊನ್ನೆಯ ನೆತ್ತಿಯಲ್ಲೇ ನಿಲ್ಲಬೇಕು, ಕೂದಲೆಳೆಯಷ್ಟೂ ಅತ್ತಿತ್ತ ಆಗಬಾರದು.

ಪುಟ್ಟ ಡಯಲುಗಳ ಜಾಗ ನೋಡಿದರೆ ಒಳಗಿನ ಯಂತ್ರದ ಅಂದಾಜು ಸಿಗುತ್ತದೆ. ಹಳೆಯ 806 ಮಾದರಿಯ ಕೀ ಕೊಡುವ ವೀನಸ್ 178 ಯಂತ್ರಕ್ಕೂ ಇಂದಿನ ಬಿ01ಗೂ ಅವು 3, 6, 9ರಲ್ಲಿವೆ. 12, 6, 9ರಲ್ಲಿದ್ದರೆ ಅದು 1980ರ ದಶಕದಿಂದೀಚೆಗೆ ನ್ಯಾವಿಟೈಮರಿಗೆ ಬಂದ, ವ್ಯಾಲ್ಜೂ 7750 ಮನೆತನದ ಯಂತ್ರ. ಗಟ್ಟಿಮುಟ್ಟಾದದ್ದು, ರಿಪೇರಿಗೆ ಸುಲಭ. ಕೀಳು ಎಂದು ಯಾರಾದರೂ ಮೂಗು ಮುರಿದರೆ ಕಿವಿಗೆ ಹಾಕಿಕೊಳ್ಳಬೇಡಿ. ‘1960ರ ಮಾದರಿ’ ಎಂದು ತೋರಿಸಿದ ವಾಚಿನಲ್ಲಿ 12, 6, 9 ಕಂಡರೆ ಮಾತ್ರ ಅಲ್ಲಿಂದ ಎದ್ದುಬನ್ನಿ.

ಹಳೆಯ ವಾಚಿನ ವ್ಯಾಪಾರದಲ್ಲಿ ‘ಮುಂಬೈ ಸ್ಪೆಷಲ್’ ಎಂಬ ಮಾತಿದೆ. ಮಾಸಿದ ಡಯಲಿಗೆ ಹೊಸ ಬಣ್ಣ, ಹೊಸ ಅಚ್ಚು ಹಾಕಿ, ಹತ್ತು ವಾಚುಗಳ ಬಿಡಿಭಾಗ ಸೇರಿಸಿ ನಿಲ್ಲಿಸಿದ್ದು ಎಂದು ಅರ್ಥ. ಸಾದಾ ಡಯಲ್ ಆದರೆ ಮೋಸ ಹೋಗುವ ಸಂಭವ ಹೆಚ್ಚು. ನ್ಯಾವಿಟೈಮರಿನ ಕೂದಲೆಳೆಯಂಥ ಗೆರೆಗಳನ್ನು ಮತ್ತೆ ಅಚ್ಚು ಹಾಕುವುದು ಹುಡುಗಾಟವಲ್ಲ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯಲ್ಲಿ ನೋಡಿದರೆ ದಪ್ಪಗಾದ ಗೆರೆ, ಮುಚ್ಚಿಹೋದ 6 ಮತ್ತು 8ರ ಹೊಟ್ಟೆ ತಕ್ಷಣ ಕಾಣುತ್ತವೆ. 1950ರ ದಶಕದ ಡಯಲುಗಳಲ್ಲಿ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಹಚ್ಚುತ್ತಿದ್ದರು. ಹೊಳಪು ಹೋಗಿದ್ದರೂ ವಿಕಿರಣ ಹೋಗಿರುವುದಿಲ್ಲ. ಅಂಥದ್ದನ್ನು ಮನೆಯಲ್ಲಿ ಬಿಚ್ಚುವುದು, ಕೆರೆಯುವುದು ಬೇಡವೇ ಬೇಡ.

ಕಟ್ಟಿಕೊಂಡ ಮೇಲೆ

‘ಸೆಕೆಂಡ್ ಮುಳ್ಳು ಓಡ್ತಿಲ್ಲ’ ಎಂದು ಹೊಸಬರು ವಾಚು ಹಿಡಿದು ಅಂಗಡಿಗೆ ಬರುವುದುಂಟು. ನಡುವಿನ ಉದ್ದ ಮುಳ್ಳು ಸ್ಟಾಪ್‌ವಾಚಿನದು, ಗುಂಡಿ ಒತ್ತಿದಾಗ ಮಾತ್ರ ಓಡುತ್ತದೆ. ನಿತ್ಯದ ಸೆಕೆಂಡ್ ಇರುವುದು 9ರ ಬಳಿಯ ಪುಟ್ಟ ಡಯಲಿನಲ್ಲಿ. ಓಡುತ್ತಿರುವಾಗ ಕೆಳಗಿನ ಗುಂಡಿ ಒತ್ತಬೇಡಿ. ಮೊದಲು ನಿಲ್ಲಿಸಿ, ಆಮೇಲೆ ಸೊನ್ನೆಗೆ ತನ್ನಿ. ಹಳೆಯ ಯಂತ್ರಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಮೂರರವರೆಗೆ ತಾರೀಖು ಬದಲಿಸುವುದೂ ಬೇಡ, ಆ ಹೊತ್ತಿಗೆ ತಾರೀಖಿನ ಹಲ್ಲುಗಳು ಕಚ್ಚಿಕೊಂಡಿರುತ್ತವೆ.

ಕಾರ್ಪೆಂಟರ್ ವಾಚಿನ ಪಾಠ ಇಲ್ಲಿದೆ: ಇದು ನೀರಿನ ವಾಚಲ್ಲ. ತಿರುಗುವ ಬೆಜೆಲ್ ಗಾಜಿನೊಳಗಿನ ಅಂಕಿಸಾಲನ್ನು ತಿರುಗಿಸಬೇಕಾದ್ದರಿಂದ ಪೂರ್ತಿ ಬಿಗಿ ಮಾಡುವುದು ಕಷ್ಟ. ಹಿಂಬದಿಯಲ್ಲಿ 3 ಬಾರ್, 30 ಮೀಟರ್ ಎಂದು ಬರೆದಿದ್ದರೂ ಅದರರ್ಥ 30 ಮೀಟರ್ ಮುಳುಗಬಹುದು ಎಂದಲ್ಲ. ಕೈ ತೊಳೆಯುವಾಗ ಸಿಡಿದ ಹನಿ, ಬೈಕಿನಲ್ಲಿ ಸಿಕ್ಕ ತುಂತುರು, ಅಷ್ಟಕ್ಕೆ ಪರವಾಗಿಲ್ಲ. ಈಜುಕೊಳ, ಶವರ್, ಮಲೆನಾಡಿನ ಜಡಿಮಳೆ, ಇವೆಲ್ಲಕ್ಕೂ ಬಿಚ್ಚಿಡಿ. ಗಾಜಿನ ಒಳಗೆ ಮಂಜು ಕಟ್ಟಿದ್ದು ಕಂಡರೆ ಅದೇ ದಿನ ರಿಪೇರಿಗೆ ಕೊಡಿ.

ವಾಚು ಇದ್ದಕ್ಕಿದ್ದಂತೆ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡತೊಡಗಿದರೆ ಗಾಬರಿ ಬೇಡ, ಸಾಮಾನ್ಯವಾಗಿ ಅದು ಅಯಸ್ಕಾಂತದ ಕೆಲಸ. ಫೋನ್ ಕವರಿನ ಮ್ಯಾಗ್ನೆಟ್, ಸ್ಪೀಕರ್ ಪಕ್ಕ ಇಟ್ಟದ್ದು ಸಾಕು. ಅದನ್ನು ತೆಗೆಯಲು ರಿಪೇರಿಯವರಿಗೆ ಒಂದು ನಿಮಿಷದ ಕೆಲಸ. ಸ್ವಿಸ್ ಕ್ರೋನೋಮೀಟರ್ ಪರೀಕ್ಷೆ, ಅಂದರೆ ಸಿಒಎಸ್‌ಸಿ ಪಾಸಾದ ಯಂತ್ರ ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ, ಇದರೊಳಗೆ ಇರಬೇಕು. ಹದಿನೈದು ದಿನ, ಐದು ಭಂಗಿ, ಮೂರು ಉಷ್ಣಾಂಶಗಳಲ್ಲಿ ಅದನ್ನು ಅಳೆದಿರುತ್ತಾರೆ. ಕೆಲವು ವರ್ಷಗಳಿಗೊಮ್ಮೆ ಪೂರ್ತಿ ಬಿಚ್ಚಿ ಎಣ್ಣೆ ಹಾಕಿಸಬೇಕು. ಕ್ರೋನೋಗ್ರಾಫ್ ಸರ್ವಿಸ್ ಸಾದಾ ವಾಚಿನದಕ್ಕಿಂತ ದುಬಾರಿ. ಬಳಸಿದ ವಾಚಿನ ಬೆಲೆ ಮಾತಾಡುವಾಗ ಕೊನೆಯ ಸರ್ವಿಸ್ ಯಾವಾಗ ಎಂದು ಕೇಳಿ. ರಸೀದಿ ಇಲ್ಲದಿದ್ದರೆ ಸರ್ವಿಸ್ ಆಗಿಲ್ಲ ಎಂದೇ ಲೆಕ್ಕ ಹಾಕಿ ಆ ಮೊತ್ತ ಕಳೆದು ಹೇಳಿ.

ದುಡ್ಡು, ಕಾಗದ

ಭಾರತದಲ್ಲಿ ಎರಡು ಲಕ್ಷ ರೂಪಾಯಿ ಮೀರಿದ ಖರೀದಿಗೆ ಪ್ಯಾನ್ ಕೊಡಬೇಕು; ಅಷ್ಟು ಮೊತ್ತವನ್ನು ನಗದಾಗಿ ತೆಗೆದುಕೊಳ್ಳಲು ಅಂಗಡಿಯವರಿಗೆ ಕಾನೂನು ಬಿಡುವುದಿಲ್ಲ. ಹತ್ತು ಲಕ್ಷ ದಾಟಿದ ವಾಚಿಗೆ 2025ರ ಏಪ್ರಿಲ್ 22ರಿಂದ ಶೇ. 1ರಷ್ಟು ಟಿಸಿಎಸ್ (ಮಾರುವವರೇ ಸಂಗ್ರಹಿಸಿ ಕಟ್ಟುವ ತೆರಿಗೆ) ಕೂಡ ವಸೂಲಾಗುತ್ತದೆ. ಅದು ಹೆಚ್ಚುವರಿ ತೆರಿಗೆಯಲ್ಲ, ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಸ್ವಿಟ್ಜರ್ಲೆಂಡ್ ಸೇರಿದ ಇಎಫ್‌ಟಿಎ ದೇಶಗಳ ಜೊತೆಗಿನ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದ್ದು, ಸ್ವಿಸ್ ವಾಚುಗಳ ಮೇಲಿನ ಆಮದು ಸುಂಕ ಹಂತಹಂತವಾಗಿ ಇಳಿಯಲಿದೆ. ಅವಸರ ಇಲ್ಲದವರು ಇದನ್ನು ಗಮನದಲ್ಲಿಟ್ಟುಕೊಳ್ಳಿ.

ದುಬೈಯಲ್ಲೋ ಸಿಂಗಪುರದಲ್ಲೋ ಇರುವ ನೆಂಟರ ಕೈಲಿ ತರಿಸುವವರಿಗೆ ಒಂದು ಮಾತು: ಸುಂಕವಿಲ್ಲದೆ ತರಬಹುದಾದ ಮಿತಿ ಇಂಥ ವಾಚಿನ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ಕೈಗೆ ಕಟ್ಟಿಕೊಂಡಿದ್ದರೆ ಸುಂಕವಿಲ್ಲ ಎಂಬುದು ವಿಮಾನ ನಿಲ್ದಾಣದಾಚೆ ಮಾತ್ರ ನಡೆಯುವ ನಂಬಿಕೆ. ರೆಡ್ ಚಾನೆಲ್‌ನಲ್ಲಿ ಘೋಷಿಸಿ ಸುಂಕ ಕಟ್ಟಿ, ರಸೀದಿಯನ್ನು ವಾರಂಟಿ ಕಾರ್ಡಿನ ಜೊತೆಗೇ ಇಡಿ. ಮುಂದೆ ಮಾರುವಾಗ ಅದಕ್ಕೂ ಬೆಲೆ ಇದೆ. ಇಲ್ಲೇ ಕೊಂಡ ವಾಚನ್ನು ಕಟ್ಟಿಕೊಂಡು ವಿದೇಶಕ್ಕೆ ಹೊರಟವರು ಹೋಗುವಾಗಲೇ ಕಸ್ಟಮ್ಸ್ ಕೌಂಟರಿನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಂಡರೆ ವಾಪಸ್ ಬರುವಾಗ ವಾದ ಮಾಡುವ ಪ್ರಮೇಯ ಬರುವುದಿಲ್ಲ. ವಾಚಿನ ಹಿಂಬದಿಯ ಸೀರಿಯಲ್ ನಂಬರು ಅದರಲ್ಲಿ ಸರಿಯಾಗಿ ಬರೆದಿದ್ದಾರೆಯೇ ಎಂದು ಕೌಂಟರು ಬಿಡುವ ಮೊದಲೇ ನೋಡಿಕೊಳ್ಳಿ.